ಡೋಡೋ ನಾಡಿನ ಬೇಳೆ ಹೋಳಿಗೆ

ಮಾರಿಷಸ್ ಎಂದರೆ ಪ್ರವಾಸದ ಜಾಹೀರಾತುಗಳಲ್ಲಿ ನೀಲಿ ನೀರು, ಬಿಳಿ ಮರಳು, ಮಧುಚಂದ್ರದ ಜೋಡಿ. ಕಡಲಿಗೆ ಬೆನ್ನು ಹಾಕಿ ಒಳನಾಡಿಗೆ ಹೊರಟರೆ ಕಾಣುವುದೇ ಬೇರೆ. ಸುಮಾರು 80 ಲಕ್ಷ ವರ್ಷಗಳ ಹಿಂದೆ ಜ್ವಾಲಾಮುಖಿಯ ಲಾವಾ ಗಟ್ಟಿಯಾಗಿ ಸಮುದ್ರದಿಂದ ಮೇಲೆದ್ದ ನೆಲವಿದು. ಇಲ್ಲಿನ ಗಿಡ, ಹಕ್ಕಿ, ಮಾತು, ಊಟ ಎಲ್ಲವೂ ನೀರು ದಾಟಿ ಬಂದು, ಬಂದ ಮೇಲೆ ರೂಪ ಬದಲಿಸಿದವು.

ಈ ದ್ವೀಪದಲ್ಲಿದ್ದ ಡೋಡೋ ಹಕ್ಕಿ ಮೂಲತಃ ಪಾರಿವಾಳದ ಕುಲದ್ದು. ಬದುಕಿರುವ ಹಕ್ಕಿಗಳ ಪೈಕಿ ಅದಕ್ಕೆ ಅತಿ ಹತ್ತಿರದ ನೆಂಟ ನಿಕೋಬಾರ್ ಪಾರಿವಾಳ ಎಂದು 2002ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿತು. ನಮ್ಮ ಅಂಡಮಾನ್–ನಿಕೋಬಾರಿನಲ್ಲಿ ಆ ನೆಂಟ ಇಂದಿಗೂ ಹಾರಾಡಿಕೊಂಡಿದೆ. ಹಿಡಿದು ತಿನ್ನುವ ಪ್ರಾಣಿಗಳೇ ಇಲ್ಲದ ದ್ವೀಪದಲ್ಲಿ ಡೋಡೋಗೆ ಮಾತ್ರ ರೆಕ್ಕೆ ಬೇಡವಾಯಿತು, ಮೈ ಬೆಳೆಯಿತು. 1598ರಲ್ಲಿ ಡಚ್ಚರು ಬಂದಿಳಿದರು. ಹಡಗುಗಳಿಂದ ಬಂದ ಹಂದಿ, ಮಂಗಗಳು ನೆಲದ ಮೇಲಿನ ಗೂಡುಗಳಿಗೆ ಬಾಯಿ ಹಾಕಿದವು. ನೂರು ವರ್ಷ ಕಳೆಯುವಷ್ಟರಲ್ಲಿ ಹಕ್ಕಿ ಇಲ್ಲವಾಯಿತು.

ಇಲ್ಲಿನ ದೈತ್ಯ ಆಮೆಗಳೂ ಹಾಗೆಯೇ ಅಳಿದವು. ಆಮೆ ಹೋದರೆ ಇಲ್ಲಿನ ಕಾಡಿನ ಕರಿಮರಕ್ಕೇನು (ಎಬೊನಿ) ನಷ್ಟ? ಅದರ ಹಣ್ಣು ನುಂಗಿ ಬೀಜವನ್ನು ದೂರ ಒಯ್ಯುವವರೇ ಇಲ್ಲವಾದರು. ಹಣ್ಣು ತಾಯಿಮರದ ಬುಡದಲ್ಲೇ ಉದುರತೊಡಗಿತು. ಆಗ್ನೇಯ ತೀರದ ಪುಟ್ಟ ದ್ವೀಪ ಈಲ್ ಓ ಎಗ್ರೆಟ್‌ಗೆ ಸೇಶೆಲ್ಸ್‌ನ ಅಲ್ಡಾಬ್ರಾ ಆಮೆಗಳನ್ನು 2000ರಲ್ಲಿ ತಂದು ಸಾಕತೊಡಗಿದರು. ಅವು ಹಣ್ಣು ತಿಂದು ನಿಧಾನವಾಗಿ ತಿರುಗಾಡಿ, ದೂರದಲ್ಲಿ ಹಿಕ್ಕೆ ಹಾಕಿದಲ್ಲಿ ಸಸಿಗಳೆದ್ದವು. ಆಮೆಯ ಹೊಟ್ಟೆ ಹೊಕ್ಕು ಬಂದ ಬೀಜಗಳು ಚೆನ್ನಾಗಿಯೇ ಮೊಳೆತವು. ಅಳಿದ ಜೀವಿಯ ಕೆಲಸಕ್ಕೆ ಅದರ ದಾಯಾದಿಯನ್ನು ನೇಮಿಸುವ ಈ ಉಪಾಯ ನನಗಂತೂ ಡೋಡೋ ಕಥೆಗಿಂತ ರೋಚಕ.

ಮನುಷ್ಯರ ವಿಷಯಕ್ಕೆ ಬಂದರೆ, ಇಲ್ಲಿ ಮೂಲನಿವಾಸಿಗಳೇ ಇರಲಿಲ್ಲ. ಮಡಗಾಸ್ಕರ್, ಮೊಜಾಂಬಿಕ್‌ಗಳಿಂದ ಹಿಡಿದು ತಂದ ಗುಲಾಮರು ಫ್ರೆಂಚ್ ಒಡೆಯರ ಪದಗಳಿಂದಲೇ ಕ್ರಿಯೋಲ್ ಎಂಬ ಭಾಷೆ ಕಟ್ಟಿದರು. ಅದರಲ್ಲಿ ನಾನು, ನೀನು, ಅವರು ಯಾರೇ ಆದರೂ ಕ್ರಿಯಾಪದ ಬದಲಾಗದು. ಮುಂಚೆ ಒಂದು ಕಿರುಪದ ಇಟ್ಟರೆ ಕಾಲ ಸೂಚಿತ. ಗುಲಾಮಗಿರಿ 1835ರಲ್ಲಿ ರದ್ದಾದಾಗ ಕಬ್ಬಿನ ತೋಟಗಳಿಗೆ ಕರಾರು ಕೂಲಿಗಳು ಭಾರತದಿಂದ ಬಂದರು. ಅವರೊಂದಿಗೆ ಭೋಜಪುರಿ, ತಮಿಳು, ತೆಲುಗು, ಮರಾಠಿಗಳೂ ಬಂದವು.

ಬೀದಿ ಗಾಡಿಗಳ ಧೋಲ್ ಪುರಿ ಅವರ ಮನೆಯಡುಗೆಯ ಮುಂದುವರಿಕೆ. ಬೆಲ್ಲ ಹಾಕದ ಹೋಳಿಗೆ ಎನ್ನಿ: ಬೆಂದ ಹಳದಿ ಬೇಳೆಯ ಪುಡಿಯೇ ಹೂರಣ. ಆದರೆ ನಂಚಿಕೊಳ್ಳಲು ಬೀನ್ಸ್ ಕಾಳಿನ ಸಾರಿನ ಜೊತೆ ಕ್ರಿಯೋಲ್ ಅಡುಗೆಯ ಟೊಮೆಟೊ ರುಗಾಯ್ (ಒಂದು ಬಗೆಯ ಗೊಜ್ಜು) ಇರುತ್ತದೆ, ಖಾರಕ್ಕೆ ಮೆಣಸಿನಕಾಯಿ ಚಟ್ನಿ. ಗಾಡಿಯವರು ಎರಡು ಪುರಿಗಳನ್ನು ಒಂದರ ಮೇಲೊಂದಿಟ್ಟು, ಸುರುಳಿ ಸುತ್ತಿ, ಕಾಗದದಲ್ಲಿ ಕೊಡುತ್ತಾರೆ.