ಆಧಾರ ವರ್ಷದ ಪರಿಷ್ಕರಣೆ ಮತ್ತು ಲೆಕ್ಕಕ್ಕೆ ಸಿಗದ ದುಡಿಮೆ

ಅಳತೆಯ ಪದ್ಧತಿಗಳು ಜಾನಪದ ಅಧ್ಯಯನಕ್ಕೆ ಹೊಸ ವಿಷಯವೇನಲ್ಲ. ಸೇರು, ಬಳ್ಳ, ಕೊಳಗ, ಖಂಡುಗಗಳಲ್ಲಿ ಕಾಳನ್ನು ಅಳೆಯುತ್ತಿದ್ದ ಕಾಲದಲ್ಲಿ ಒಂದು ಸೀಮೆಯ ಕೊಳಗಕ್ಕೂ ಇನ್ನೊಂದು ಸೀಮೆಯ ಕೊಳಗಕ್ಕೂ ವ್ಯತ್ಯಾಸವಿತ್ತು. ಎರಡು ಕಣಗಳ ರಾಶಿಯನ್ನು ಹೋಲಿಸುವ ಮುನ್ನ ಯಾವ ಕೊಳಗದಿಂದ ಅಳೆದದ್ದೆಂದು ಕೇಳಬೇಕಾಗಿತ್ತು. ರಾಷ್ಟ್ರವೊಂದು ತನ್ನ ವರ್ಷದ ಒಟ್ಟು ಉತ್ಪಾದನೆಯನ್ನು ಅಳೆಯುವಾಗಲೂ ಇದೇ ಪ್ರಶ್ನೆ ಏಳುತ್ತದೆ. ರಾಷ್ಟ್ರೀಯ ಲೆಕ್ಕಗಳಲ್ಲಿ ಆ ಕೊಳಗದ ಸ್ಥಾನದಲ್ಲಿರುವುದು ಆಧಾರ ವರ್ಷ. ಅದನ್ನು ಬದಲಿಸುವ ಕಾರ್ಯವನ್ನು ಸಾಮಾನ್ಯವಾಗಿ ಅರ್ಥಶಾಸ್ತ್ರದ ತಾಂತ್ರಿಕ ವಿಚಾರವೆಂದು ಬದಿಗಿಡಲಾಗುತ್ತದೆ. ಆದರೆ ಗ್ರಾಮೀಣ ವೃತ್ತಿಗಳು, ಕೈಕಸುಬುಗಳು ಹಾಗೂ ಹೆಂಗಸರ ದುಡಿಮೆ ರಾಷ್ಟ್ರದ ಲೆಕ್ಕದಲ್ಲಿ ಎಷ್ಟರಮಟ್ಟಿಗೆ ಕಾಣುತ್ತವೆ ಎಂಬುದು ಬಹುಮಟ್ಟಿಗೆ ಈ ಪರಿಷ್ಕರಣೆಯ ಸಂದರ್ಭದಲ್ಲೇ ತೀರ್ಮಾನವಾಗುತ್ತದೆ. ಭಾರತದ ಅನುಭವದ ಹಿನ್ನೆಲೆಯಲ್ಲಿ ಈ ಸಂಗತಿಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಧಾರ ವರ್ಷದ ಪರಿಕಲ್ಪನೆ

ಉತ್ಪಾದನೆಯ ಮೌಲ್ಯವನ್ನು ಆಯಾ ವರ್ಷದ ಬೆಲೆಯಲ್ಲಿ ಲೆಕ್ಕ ಹಾಕಿದರೆ ಬೆಲೆ ಏರಿಕೆಯೇ ಬೆಳವಣಿಗೆಯಂತೆ ತೋರುವ ಅಪಾಯವಿದೆ. ಆದ್ದರಿಂದ ಒಂದು ವರ್ಷದ ಬೆಲೆಗಳನ್ನು ಸ್ಥಿರವಾಗಿರಿಸಿಕೊಂಡು ಉಳಿದ ವರ್ಷಗಳ ಉತ್ಪನ್ನವನ್ನು ಅವುಗಳಲ್ಲಿಯೇ ಬೆಲೆಕಟ್ಟುತ್ತಾರೆ. ಹಾಗೆ ಆರಿಸಿಕೊಂಡ ವರ್ಷವೇ ಆಧಾರ ವರ್ಷ. ಬರಗಾಲ, ಯುದ್ಧ, ಸಾಂಕ್ರಾಮಿಕ ರೋಗಗಳಂತಹ ಏರುಪೇರುಗಳಿಲ್ಲದ, ಸಾಕಷ್ಟು ಅಂಕಿಅಂಶಗಳು ದೊರೆಯುವ ವರ್ಷವನ್ನು ಇದಕ್ಕೆ ಆರಿಸುವುದು ರೂಢಿ.

ಬೆಲೆಯ ಈ ಆಯ್ಕೆ ಎಷ್ಟು ನಿರ್ಣಾಯಕವೆಂಬುದನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಒಂದು ಊರಿನಲ್ಲಿ ಮೊರ ಹೆಣೆಯುವುದು ಮತ್ತು ಮೊಬೈಲ್ ದುರಸ್ತಿ ಎಂಬ ಎರಡೇ ಕಸುಬುಗಳಿವೆಯೆಂದು ಭಾವಿಸೋಣ. ಕೆಲವು ವರ್ಷಗಳಲ್ಲಿ ಮೊರಗಳ ಸಂಖ್ಯೆ 100ರಿಂದ 80ಕ್ಕೆ ಇಳಿಯಿತು, ದುರಸ್ತಿಗಳ ಸಂಖ್ಯೆ 10ರಿಂದ 30ಕ್ಕೆ ಏರಿತು. ಹಳೆಯ ಆಧಾರ ವರ್ಷದಲ್ಲಿ ಮೊರಕ್ಕೆ 10 ರೂಪಾಯಿ, ದುರಸ್ತಿಗೆ 100 ರೂಪಾಯಿ ಇದ್ದರೆ ಊರಿನ ಉತ್ಪನ್ನ 2,000 ರೂಪಾಯಿಯಿಂದ 3,800ಕ್ಕೆ, ಅಂದರೆ ಶೇ. 90ರಷ್ಟು ಹೆಚ್ಚಿದಂತಾಯಿತು. ಹೊಸ ಆಧಾರ ವರ್ಷದಲ್ಲಿ ಮೊರದ ಬೆಲೆ 60 ರೂಪಾಯಿಗೆ ಏರಿ ದುರಸ್ತಿಯ ದರ 50 ರೂಪಾಯಿಗೆ ಇಳಿದಿದ್ದರೆ ಅದೇ ಉತ್ಪನ್ನ 6,500ರಿಂದ 6,300ಕ್ಕೆ ಕುಗ್ಗುತ್ತದೆ. ಕೈಗಳು ಅವೇ, ಕೆಲಸವೂ ಅದೇ. ಬೆಲೆಕಟ್ಟುವ ವರ್ಷ ಮಾತ್ರ ಬೇರೆ. ಆಧಾರ ವರ್ಷ ಹಳೆಯದಾದಷ್ಟೂ ವಾಸ್ತವದ ಬೆಲೆಗಳಿಗೂ ಲೆಕ್ಕದ ಬೆಲೆಗಳಿಗೂ ಅಂತರ ಹೆಚ್ಚುತ್ತದೆ.

ಪರಿಷ್ಕರಣೆಯ ಕಾಲದಲ್ಲಿ ಬೆಲೆಗಳಷ್ಟೇ ಬದಲಾಗುವುದಿಲ್ಲ. ಹೊಸ ಸಮೀಕ್ಷೆಗಳು, ಹೊಸ ವರ್ಗೀಕರಣ, ಹೊಸ ವಿಧಾನಗಳು ಒಟ್ಟಿಗೆ ಪ್ರವೇಶಿಸುತ್ತವೆ. ಹಿಂದೆ ಎಣಿಕೆಗೆ ಸಿಗದಿದ್ದ ಕಸುಬುಗಳಿಗೆ ಆಗ ಸ್ಥಾನ ದೊರೆಯಬಹುದು. 2014ರಲ್ಲಿ ನೈಜೀರಿಯಾ ತನ್ನ ಆಧಾರ ವರ್ಷವನ್ನು 1990ರಿಂದ 2010ಕ್ಕೆ ಬದಲಿಸಿದಾಗ ಚಲನಚಿತ್ರ, ದೂರಸಂಪರ್ಕ ಮುಂತಾದ ಕ್ಷೇತ್ರಗಳು ಸರಿಯಾಗಿ ಲೆಕ್ಕಕ್ಕೆ ಬಂದು, ಆ ದೇಶದ ಒಟ್ಟು ದೇಶೀಯ ಉತ್ಪನ್ನದ ಅಂದಾಜು ಶೇ. 89ರಷ್ಟು ಹೆಚ್ಚಿತು.

ಭಾರತದಲ್ಲಿ ಪರಿಷ್ಕರಣೆಯ ಹೆಜ್ಜೆಗಳು

ಭಾರತೀಯರ ವರಮಾನವನ್ನು ಅಂದಾಜು ಮಾಡಿದವರಲ್ಲಿ ದಾದಾಭಾಯಿ ನವರೋಜಿಯವರು ಮೊದಲಿಗರು. 1867-68ಕ್ಕೆ ತಲಾ 20 ರೂಪಾಯಿ ಎಂಬುದು ಅವರ ಲೆಕ್ಕ. 1931-32ರ ವರಮಾನವನ್ನು ಶಾಸ್ತ್ರೀಯವಾಗಿ ಅಂದಾಜಿಸಿದವರು ಡಾ. ವಿ.ಕೆ.ಆರ್.ವಿ. ರಾವ್. ಮುಂದೆ 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದವರೂ ಇವರೇ. 1949ರಲ್ಲಿ ನೇಮಕಗೊಂಡ ರಾಷ್ಟ್ರೀಯ ವರಮಾನ ಸಮಿತಿಯಲ್ಲಿ ಅಧ್ಯಕ್ಷ ಪಿ.ಸಿ. ಮಹಾಲನೋಬಿಸ್ ಮತ್ತು ಡಿ.ಆರ್. ಗಾಡ್ಗೀಳ್ ಅವರೊಡನೆ ರಾವ್ ಅವರೂ ಸದಸ್ಯರಾಗಿದ್ದರು.

1948-49ನ್ನು ಆಧಾರವಾಗುಳ್ಳ ಅಧಿಕೃತ ಅಂದಾಜು 1956ರಲ್ಲಿ ಹೊರಬಂದಿತು. ಅನಂತರ 1960-61, 1970-71, 1980-81, 1993-94, 1999-2000, 2004-05 ಮತ್ತು 2011-12 ಕ್ರಮವಾಗಿ ಆಧಾರ ವರ್ಷಗಳಾದವು. ಮೊದಲ ದಶಕಗಳಲ್ಲಿ ಈ ವರ್ಷಗಳು ಜನಗಣತಿಯ ಕಾಲಕ್ಕೆ ಹೊಂದಿಕೊಂಡಿರುವುದನ್ನು ಗಮನಿಸಬೇಕು. ದುಡಿಯುವವರ ಸಂಖ್ಯೆಗೆ ಆಗ ಜನಗಣತಿಯೇ ಮುಖ್ಯ ಆಕರವಾಗಿತ್ತು. 1993-94ರ ಸರಣಿಯಿಂದ ಈ ಪದ್ಧತಿ ಬದಲಾಗಿ, ರಾಷ್ಟ್ರೀಯ ಮಾದರಿ ಸಮೀಕ್ಷೆಯ ಉದ್ಯೋಗ ವಿವರಗಳನ್ನು ಬಳಸಲಾಯಿತು. ಜನಗಣತಿಯ ತರಾತುರಿಯ ಪ್ರಶ್ನೆಗಳಲ್ಲಿ ಹೊಲಗೆಲಸ, ಹೈನುಗಾರಿಕೆ, ಮನೆಯೊಳಗಿನ ಕಸುಬುಗಳಲ್ಲಿ ತೊಡಗಿದ ಹೆಂಗಸರು 'ಮನೆಗೆಲಸದವರು' ಎಂದಷ್ಟೇ ದಾಖಲಾಗುವ ಸಂಭವ ಹೆಚ್ಚು. ವಿವರವಾಗಿ ವಿಚಾರಿಸುವ ಮಾದರಿ ಸಮೀಕ್ಷೆಗೆ ಅಂಥವರು ಹೆಚ್ಚಾಗಿ ಸಿಗುತ್ತಾರೆ. ಪ್ರಶ್ನೆ ಕೇಳುವ ಬಗೆಯೇ ಉತ್ತರವನ್ನು ರೂಪಿಸುತ್ತದೆ ಎಂಬುದು ಕ್ಷೇತ್ರಕಾರ್ಯ ಮಾಡಿದ ಜಾನಪದ ವಿದ್ವಾಂಸರಿಗೆ ತಿಳಿದ ಸತ್ಯ.

ಯಾರ ದುಡಿಮೆ, ಎಷ್ಟು ತೂಕ?

ಅಂತಾರಾಷ್ಟ್ರೀಯ ಲೆಕ್ಕಪದ್ಧತಿಯ ಪ್ರಕಾರ ಮನೆಯ ಬಳಕೆಗೆಂದೇ ಬೆಳೆದ ರಾಗಿ, ಕಾಡಿನಿಂದ ತಂದ ಸೌದೆ ರಾಷ್ಟ್ರೀಯ ಉತ್ಪನ್ನದ ಭಾಗ. ಆ ಸೌದೆಯಿಂದ ಒಲೆ ಹೊತ್ತಿಸಿ ಮನೆಯವರಿಗೆ ಮುದ್ದೆ ಮಾಡಿಹಾಕುವ ಶ್ರಮ ಅದರ ಹೊರಗುಳಿಯುತ್ತದೆ. 2019ರ ಕಾಲಬಳಕೆ ಸಮೀಕ್ಷೆಯಂತೆ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನು, ಗಂಡಸರು 97 ನಿಮಿಷಗಳನ್ನು ಅದಕ್ಕೆ ಕೊಡುತ್ತಿದ್ದರು. ಆಧಾರ ವರ್ಷವನ್ನು ಎಷ್ಟು ಸಲ ಬದಲಿಸಿದರೂ ಈ ಗಡಿ ಬದಲಾಗಿಲ್ಲ.

ಗಡಿಯ ಒಳಗಿರುವ ದುಡಿಮೆಯ ತೂಕ ಮಾತ್ರ ಬದಲಾಗುತ್ತ ಬಂದಿದೆ. 2011-12ಕ್ಕೆ ಹಿಂದಿನ ಸರಣಿಗಳಲ್ಲಿ ಅಸಂಘಟಿತ ಉದ್ಯಮದ ಎಲ್ಲ ದುಡಿಮೆಗಾರರ ಉತ್ಪಾದಕತೆಯನ್ನು ಸಮಾನವೆಂದು ಭಾವಿಸಲಾಗುತ್ತಿತ್ತು. ಹೊಸ ಸರಣಿಯಲ್ಲಿ ಒಡೆಯ, ಸಂಬಳದ ಆಳು, ಕೂಲಿ ಇಲ್ಲದ ಮನೆಯ ಸಹಾಯಕ ಎಂಬ ಭೇದಕ್ಕನುಗುಣವಾಗಿ ಬೇರೆ ಬೇರೆ ತೂಕ ಕೊಡಲಾಯಿತು. ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ಹೆಚ್ಚು ನಿಖರವಾದ ವಿಧಾನ. ಆದರೆ ಇಳಕಲ್ಲಿನ ಅಥವಾ ಗುಳೇದಗುಡ್ಡದ ಮಗ್ಗದ ಮನೆಯನ್ನು ನೆನೆದರೆ ಇದರ ಇನ್ನೊಂದು ಮುಖವೂ ಕಾಣುತ್ತದೆ. ನೇಯುವವನು ಒಡೆಯನೆಂದೂ ನೂಲು ಸುತ್ತಿ ಕಂಡಿಕೆ ತುಂಬುವವಳು ಸಹಾಯಕಳೆಂದೂ ದಾಖಲಾಗುತ್ತಾರೆ. ಕಂಡಿಕೆ ತುಂಬದೆ ಲಾಳಿ ಓಡದು ಎಂಬುದು ಲೆಕ್ಕದ ಪಟ್ಟಿಯಲ್ಲಿ ತೋರುವುದಿಲ್ಲ.

2015ರ ಸರಣಿ ಮತ್ತು ಅನಂತರ

2015ರ ಜನವರಿ 30ರಂದು 2011-12ರ ಸರಣಿ ಪ್ರಕಟವಾಯಿತು. ಹಳೆಯ ಸರಣಿಯಲ್ಲಿ ಉತ್ಪಾದನಾಂಗ ವೆಚ್ಚದ ಆಧಾರದ ಮೇಲೆ ಶೇ. 4.7 ಎಂದಿದ್ದ 2013-14ರ ಬೆಳವಣಿಗೆ ದರ, ಹೊಸ ಸರಣಿಯಲ್ಲಿ ಮಾರುಕಟ್ಟೆ ಬೆಲೆಯ ಆಧಾರದ ಮೇಲೆ ಶೇ. 6.9 ಆಯಿತು. ಕಂಪನಿಗಳು ಸರ್ಕಾರಕ್ಕೆ ಸಲ್ಲಿಸುವ ವಾರ್ಷಿಕ ಲೆಕ್ಕಪತ್ರಗಳನ್ನು ವ್ಯಾಪಕವಾಗಿ ಬಳಸಿಕೊಂಡದ್ದು ಈ ಸರಣಿಯ ವಿಶೇಷ. ಅದರ ಬಳಕೆಯ ಬಗೆಗೆ ಅರ್ಥಶಾಸ್ತ್ರಜ್ಞರಲ್ಲಿ ದೀರ್ಘ ಚರ್ಚೆ ನಡೆದಿದೆ.

ಗ್ರಾಮೀಣ ವೃತ್ತಿಗಳ ದೃಷ್ಟಿಯಿಂದ ಮುಖ್ಯವಾದ ಪ್ರಶ್ನೆ ಬೇರೆಯದು. ದೊಡ್ಡ ಕಂಪನಿಗಳ ಲೆಕ್ಕ ಪ್ರತಿವರ್ಷ ದೊರೆಯುತ್ತದೆ. ಕುಂಬಾರ, ಮೇದಾರ, ನೇಕಾರರ ಲೆಕ್ಕ ಸಮೀಕ್ಷೆ ನಡೆದಾಗ ಮಾತ್ರ ದೊರೆಯುತ್ತದೆ. 2011-12ರ ಸರಣಿಯಲ್ಲಿ ಅಸಂಘಟಿತ ಉದ್ಯಮಗಳಿಗೆ ಬುನಾದಿಯಾದದ್ದು 2010-11ರ ಸಮೀಕ್ಷೆ. ಮುಂದಿನ ವರ್ಷಗಳ ಅಂಕಿಗಳನ್ನು ಬಹುಮಟ್ಟಿಗೆ ಸಂಘಟಿತ ವಲಯದ ಸೂಚಕಗಳ ನೆರವಿನಿಂದ ಮುಂದುವರಿಸಲಾಯಿತು. ಎರಡೂ ವಲಯಗಳು ಜೊತೆಯಾಗಿ ನಡೆಯುವಾಗ ಇದರಿಂದ ತೊಂದರೆಯಿಲ್ಲ. 2016ರ ನವೆಂಬರಿನ ನೋಟು ರದ್ದತಿ, 2017ರ ಜುಲೈಯಲ್ಲಿ ಬಂದ ಸರಕು ಮತ್ತು ಸೇವಾ ತೆರಿಗೆ, 2020ರ ಲಾಕ್‌ಡೌನ್ — ಇವು ನಗದು ವ್ಯವಹಾರದ ಸಣ್ಣ ಕಸುಬುಗಳನ್ನು ಹೆಚ್ಚು ತಟ್ಟಿದವೆಂಬುದು ಹಲವು ಅರ್ಥಶಾಸ್ತ್ರಜ್ಞರ ಅಭಿಪ್ರಾಯ. ಅಂತಹ ಕಾಲದಲ್ಲಿ ದೊಡ್ಡವರ ನಡಿಗೆಯಿಂದ ಸಣ್ಣವರ ನಡಿಗೆಯನ್ನು ಊಹಿಸಿದರೆ, ನಿಂತುಹೋದ ಮಗ್ಗವೂ ಲೆಕ್ಕದಲ್ಲಿ ಓಡುತ್ತಲೇ ಇರುತ್ತದೆ.

ಸಿ. ರಂಗರಾಜನ್ ಅಧ್ಯಕ್ಷತೆಯ ರಾಷ್ಟ್ರೀಯ ಸಾಂಖ್ಯಿಕ ಆಯೋಗ 2001ರಲ್ಲಿಯೇ ಐದು ವರ್ಷಕ್ಕೊಮ್ಮೆಯಾದರೂ ಆಧಾರವನ್ನು ಬದಲಿಸಬೇಕೆಂದು ಶಿಫಾರಸು ಮಾಡಿತ್ತು. 2011-12ರ ಅನಂತರ ಈ ಕ್ರಮ ತಪ್ಪಿತು. 2017-18ನ್ನು ಆಧಾರವಾಗಿಸುವ ಯೋಚನೆಯಿತ್ತಾದರೂ, ಆ ವರ್ಷದ ಅನುಭೋಗ ವೆಚ್ಚದ ಸಮೀಕ್ಷೆಯನ್ನು ಗುಣಮಟ್ಟದ ಕಾರಣ ನೀಡಿ 2019ರಲ್ಲಿ ಕೈಬಿಡಲಾಯಿತು. ಮರುವರ್ಷವೇ ಕೋವಿಡ್ ಬಂದಿತು. 2024ರ ಜೂನಿನಲ್ಲಿ ಬಿ.ಎನ್. ಗೋಲ್ದಾರ್ ಅವರ ಅಧ್ಯಕ್ಷತೆಯಲ್ಲಿ ಸಲಹಾ ಸಮಿತಿ ರಚನೆಯಾಗಿ, 2022-23ನ್ನು ಹೊಸ ಆಧಾರ ವರ್ಷವೆಂದು ನಿರ್ಧರಿಸಲಾಯಿತು. ಸರಣಿಯ ಪ್ರಕಟಣೆಗೆ 2026ರ ಫೆಬ್ರವರಿ 27ರ ದಿನವನ್ನು ಸಚಿವಾಲಯ ಗೊತ್ತುಪಡಿಸಿತು. ಅಸಂಘಟಿತ ಉದ್ಯಮಗಳ ವಾರ್ಷಿಕ ಸಮೀಕ್ಷೆಯನ್ನು ನೇರವಾಗಿ ಬಳಸಿಕೊಂಡು ಊಹೆಯ ಪಾಲನ್ನು ಕಡಿಮೆ ಮಾಡುವುದು ಈ ಪರಿಷ್ಕರಣೆಯ ಆಶಯಗಳಲ್ಲಿ ಮುಖ್ಯವಾದದ್ದು.

ಸಮಾರೋಪ

ಮೇಲಿನ ವಿವೇಚನೆಯಿಂದ ಸ್ಪಷ್ಟವಾಗುವುದಿಷ್ಟು. ಆಧಾರ ವರ್ಷದ ಪರಿಷ್ಕರಣೆಯು ದೇಶದ ಕಸುಬುಗಳನ್ನು ಮತ್ತೊಮ್ಮೆ ಎಣಿಸುವ ಸಂದರ್ಭವೂ ಹೌದು. ಅದು ತಡವಾದಾಗ ಎಲ್ಲ ವಲಯಗಳೂ ಸಮನಾಗಿ ನಷ್ಟಪಡುವುದಿಲ್ಲ; ಲೆಕ್ಕಪುಸ್ತಕವಿಲ್ಲದ, ಸಂಘಟನೆಯಿಲ್ಲದ ಕಸುಬುಗಳೇ ಹೆಚ್ಚು ಮರೆಗೆ ಸರಿಯುತ್ತವೆ. ಯೋಜನೆಗಳೂ ಅನುದಾನಗಳೂ ಅಂಕಿಗಳನ್ನು ಅವಲಂಬಿಸಿರುವುದರಿಂದ ಈ ಮರೆವಿನ ಪರಿಣಾಮ ಬದುಕಿನ ಮೇಲೆಯೇ ಆಗುತ್ತದೆ. ಕರ್ನಾಟಕದ ವೃತ್ತಿ ಸಮುದಾಯಗಳನ್ನು ಕುರಿತ ಜಾನಪದ ಅಧ್ಯಯನಗಳು ಕಸುಬಿನ ಹಂತಗಳು, ಮನೆಮಂದಿಯ ನಡುವಣ ಕೆಲಸದ ಹಂಚಿಕೆ, ಸುಗ್ಗಿ-ಬಿಡುವುಗಳ ಕಾಲಕ್ರಮ ಇವುಗಳನ್ನು ದಾಖಲಿಸಿಕೊಂಡು ಬಂದಿವೆ. ಸಮೀಕ್ಷೆಯ ಪ್ರಶ್ನಾವಳಿಗಳನ್ನು ರೂಪಿಸುವವರಿಗೆ ಈ ಸಾಮಗ್ರಿ ಉಪಯುಕ್ತವಾದೀತು. ಇನ್ನು ಮುಂದಿನ ಕ್ಷೇತ್ರಕಾರ್ಯಗಳಲ್ಲಿ ಹಾಡು, ಕಥೆ, ಆಚರಣೆಗಳ ಜೊತೆಗೆ ಕಸುಬಿನ ದಿನ, ಕೂಲಿ, ಬೆಲೆಗಳನ್ನೂ ವರ್ಷಸಹಿತವಾಗಿ ದಾಖಲಿಸುವ ಪರಿಪಾಠ ಬೆಳೆದರೆ, ರಾಷ್ಟ್ರೀಯ ಅಂಕಿಗಳನ್ನು ಊರಿನ ವಾಸ್ತವದೊಂದಿಗೆ ತಾಳೆ ನೋಡಲು ಅಧ್ಯಯನಕಾರರಿಗೆ ಒಂದು ಸ್ವತಂತ್ರ ಆಕರ ದೊರೆಯುತ್ತದೆ.