ಒಮ್ಮೆ ಸಿಸೇರಿಯನ್ ಆದ ಮೇಲೆ

ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಪ್ರಸೂತಿಯ ವಿಷಯವನ್ನು ಕುರಿತು ಬರೆಯಹೊರಡುವುದು ಕೆಲವರಿಗೆ ಅಧಿಕಪ್ರಸಂಗವಾಗಿ ತೋರಬಹುದು. ಆದರೆ ಇದು ವೈದ್ಯರ ಕೋಣೆಯಲ್ಲಿ ಮಾತ್ರ ಇತ್ಯರ್ಥವಾಗುವ ವಿಷಯವಲ್ಲ. ನಮ್ಮ ಮನೆಗಳ ನಡುಮನೆಯಲ್ಲಿ ಅತ್ತೆ, ತಾಯಿ, ಗಂಡ, ನೆರೆಯವರು ಕೂಡಿ ಅರ್ಧ ತೀರ್ಮಾನ ಮಾಡಿದ ಮೇಲೆಯೇ ಇದು ಆಸ್ಪತ್ರೆಯ ಬಾಗಿಲಿಗೆ ಹೋಗುವುದು. ಮೊದಲ ಹೆರಿಗೆ ಸಿಸೇರಿಯನ್ ಶಸ್ತ್ರಕ್ರಿಯೆಯಿಂದ ಆಗಿರುವ ಹೆಂಗಸು ಎರಡನೆಯ ಸಲ ಗರ್ಭಿಣಿಯಾದಾಗ ಮತ್ತೆ ಶಸ್ತ್ರಕ್ರಿಯೆಗೇ ಒಪ್ಪಬೇಕೆ, ಅಥವಾ ಸಹಜ ಹೆರಿಗೆಗೆ ಪ್ರಯತ್ನಿಸಬಹುದೆ ಎಂಬುದೇ ಪ್ರಕೃತ ಲೇಖನದ ಪ್ರಶ್ನೆ.

ಇದು ಎಲ್ಲೋ ಕೆಲವರ ಪ್ರಶ್ನೆಯೆಂದು ವಾಚಕರು ಭಾವಿಸಬಾರದು. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 23.6 ಸಿಸೇರಿಯನ್ ಆಗಿದ್ದವು; 2019–21ರ ಸಮೀಕ್ಷೆಯ ಹೊತ್ತಿಗೆ ಅದು 31.5ಕ್ಕೆ ಏರಿತು. ಇಡೀ ದೇಶದ ಲೆಕ್ಕ 21.5. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ನೂರಕ್ಕೆ 47.4, ಸರ್ಕಾರಿ ಆಸ್ಪತ್ರೆಗಳಲ್ಲಿ 14.3. ಈ ಎರಡು ಅಂಕಿಗಳ ನಡುವಣ ಅಂತರವನ್ನು ಕುರಿತೇ ಬೇರೊಂದು ಲೇಖನ ಬರೆಯಬಹುದು. ಇಲ್ಲಿ ಹೇಳಬೇಕಾದುದಿಷ್ಟೆ: ಗರ್ಭಕೋಶದ ಮೇಲೆ ಹೊಲಿಗೆಯ ಗುರುತನ್ನು ಹೊತ್ತಿರುವ ತಾಯಂದಿರು ಈಗ ಪ್ರತಿ ಬೀದಿಯಲ್ಲಿಯೂ ಇದ್ದಾರೆ.

ಸಿಸೇರಿಯನ್ ಎಂಬ ಹೆಸರಿಗೆ ರೋಮಿನ ಜೂಲಿಯಸ್ ಸೀಸರನು ಹಾಗೆ ಹುಟ್ಟಿದನೆಂಬ ಕಥೆಯನ್ನು ಹೇಳುವುದುಂಟು. ಅದು ನಂಬತಕ್ಕದ್ದಲ್ಲ, ಅವನ ತಾಯಿ ಔರೇಲಿಯಾ ಅವನು ದೊಡ್ಡವನಾಗಿ ದಂಡನಾಯಕನಾಗುವವರೆಗೂ ಬದುಕಿದ್ದಳು. ಆ ಕಾಲದಲ್ಲಿ ಹೊಟ್ಟೆ ಸೀಳಿದ ತಾಯಿ ಬದುಕುವ ಮಾತೇ ಇರಲಿಲ್ಲ. ನಮ್ಮಲ್ಲಿಯೂ, ಶ್ರವಣಬೆಳಗೊಳದೊಡನೆ ಹೆಸರು ಕೂಡಿಕೊಂಡಿರುವ ಚಂದ್ರಗುಪ್ತನ ರಾಣಿ ವಿಷದಿಂದ ಸತ್ತಾಗ ಚಾಣಕ್ಯನು ಅವಳ ಗರ್ಭದಿಂದ ಬಿಂದುಸಾರನನ್ನು ತೆಗೆದನೆಂದು ಜೈನ ಸಂಪ್ರದಾಯದ ಕಥೆಯಿದೆ. ಅಲ್ಲಿಯೂ ತಾಯಿ ಉಳಿಯಲಿಲ್ಲ. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸೇಂಗರ್ ಎಂಬ ವೈದ್ಯನು ಗರ್ಭಕೋಶದ ಗಾಯವನ್ನು ಸರಿಯಾಗಿ ಹೊಲಿಯುವ ಕ್ರಮವನ್ನು ಬಳಕೆಗೆ ತಂದ ಮೇಲೆ ತಾಯಂದಿರು ಉಳಿಯತೊಡಗಿದರು. ಉಳಿದವರು ಮತ್ತೆ ಗರ್ಭಿಣಿಯರಾದರು. ನಮ್ಮ ಪ್ರಶ್ನೆ ಹುಟ್ಟಿದ್ದು ಆಗ.

1916ರಲ್ಲಿ ನ್ಯೂಯಾರ್ಕಿನ ಎಡ್ವಿನ್ ಕ್ರಾಗಿನ್ ಎಂಬ ವೈದ್ಯನು ಒಂದು ಸಲ ಸಿಸೇರಿಯನ್ ಆದರೆ ಮುಂದೆಯೂ ಸಿಸೇರಿಯನ್ನೇ ಎಂಬ ಅರ್ಥದ ಮಾತನ್ನು ಬರೆದನು. ಆ ಮಾತು ಅವನ ಲೇಖನದಿಂದ ಕಳಚಿಕೊಂಡು ಜಗತ್ತನ್ನೆಲ್ಲ ಸುತ್ತಿತು. ನನ್ನ ಅಕ್ಕನ ಅತ್ತೆಯವರು ಕ್ರಾಗಿನ್ನನ ಹೆಸರನ್ನು ಕೇಳಿದವರಲ್ಲ, ಆದರೂ ಅವರ ಬಾಯಲ್ಲಿ ಅದೇ ಮಾತು: "ಒಂದ್ಸಲ ಕುಯ್ದ್ ಮ್ಯಾಲೆ ಮುಗೀತು ಕಣವ್ವ, ಎಲ್ಡ್ನೇದೂ ಕುಯ್ಲೇಬೇಕು." ವಿನೋದವೇನೆಂದರೆ, ಮೊದಲ ಶಸ್ತ್ರಕ್ರಿಯೆಯನ್ನು ಸುಮ್ಮಸುಮ್ಮನೆ ಮಾಡಬೇಡಿ, ಅದು ಮುಂದಿನ ಹೆರಿಗೆಗಳನ್ನೂ ಕಟ್ಟಿಹಾಕುತ್ತದೆ ಎಂದು ವೈದ್ಯರನ್ನು ಎಚ್ಚರಿಸುವುದೇ ಕ್ರಾಗಿನ್ನನ ಮುಖ್ಯ ಉದ್ದೇಶವಾಗಿದ್ದಿತು. ಎಚ್ಚರಿಕೆ ಮರೆತುಹೋಯಿತು, ನಿಯಮ ಉಳಿಯಿತು.

ಆ ಕಾಲಕ್ಕೆ ಆ ನಿಯಮ ತಪ್ಪಾಗಿರಲಿಲ್ಲ. ಏಕೆಂದರೆ ಆಗ ಗರ್ಭಕೋಶದ ಮೇಲ್ಭಾಗದಲ್ಲಿ ಉದ್ದುದ್ದವಾಗಿ ಕೊಯ್ಯುತ್ತಿದ್ದರು. ಹೆರಿಗೆಯ ನೋವು ಬಂದಾಗ ಬಿಗಿದು ಬಿಗಿದು ಮಗುವನ್ನು ಕೆಳಕ್ಕೆ ದೂಡುವ ದಪ್ಪ ಮಾಂಸಖಂಡವಿರುವುದು ಆ ಮೇಲ್ಭಾಗದಲ್ಲಿಯೇ. ದುಡಿಯುವ ಕಡೆಯೇ ಹೊಲಿಗೆಯಿದ್ದರೆ ಅದು ಬಿಚ್ಚಿಕೊಳ್ಳುವ ಭಯ ಹೆಚ್ಚು. ನೋವು ಬರುವುದಕ್ಕೆ ಮೊದಲೇ ಬಿಚ್ಚಿಕೊಳ್ಳುವುದೂ ಉಂಟು. 1920ರ ದಶಕದಲ್ಲಿ ಗ್ಲಾಸ್ಗೋ ನಗರದ ಮನ್ರೋ ಕೆರ್ ಎಂಬ ವೈದ್ಯನು ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಲಾಗಿ ಕೊಯ್ಯುವ ಕ್ರಮವನ್ನು ಪ್ರಚಾರಕ್ಕೆ ತಂದನು. ಗರ್ಭದ ಕೊನೆಯ ತಿಂಗಳುಗಳಲ್ಲಿ ತೆಳ್ಳಗಾಗಿ ಹಿಗ್ಗುವ ಭಾಗವದು. ಅದು ಬಿಗಿಯುವುದು ಕಡಮೆ. ಅಲ್ಲಿಯ ಗಾಯ ಚೆನ್ನಾಗಿ ಕೂಡಿಕೊಳ್ಳುತ್ತದೆ, ರಕ್ತವೂ ಕಡಮೆ ಹೋಗುತ್ತದೆ. ಇಂದು ನಮ್ಮ ಆಸ್ಪತ್ರೆಗಳಲ್ಲಿ ಆಗುವ ಸಿಸೇರಿಯನ್‌ಗಳಲ್ಲಿ ಬಹುತೇಕ ಎಲ್ಲವೂ ಈ ಬಗೆಯವೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಹೊಟ್ಟೆಯ ಚರ್ಮದ ಮೇಲೆ ಕಾಣುವ ಗುರುತಿಗೂ ಒಳಗೆ ಗರ್ಭಕೋಶದ ಮೇಲಿರುವ ಗುರುತಿಗೂ ಸಂಬಂಧವಿರಲೇಬೇಕೆಂದಿಲ್ಲ. ಹೊರಗೆ ಅಡ್ಡ ಕೊಯ್ದು ಒಳಗೆ ಉದ್ದ ಕೊಯ್ದಿರಬಹುದು, ತಿರುಗುಮುರುಗೂ ಆಗಿರಬಹುದು. ಅದನ್ನು ತಿಳಿಸುವುದು ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಚೀಟಿ ಮಾತ್ರ. ನಮ್ಮ ಮನೆಯಲ್ಲಿ ಇಂಗ್ಲಿಷ್ ಕಾಗದ ಓದಬಲ್ಲವಳು ನಾನೊಬ್ಬಳೇ. ಅಕ್ಕ ತನ್ನ ಟ್ರಂಕಿನಲ್ಲಿ ರೇಷನ್ ಕಾರ್ಡಿನ ಜೊತೆಗೆ ಮಡಿಸಿಟ್ಟಿದ್ದ ಆ ಚೀಟಿಯನ್ನು ನನ್ನ ಕೈಗೆ ಕೊಟ್ಟಾಗ ಅದರಲ್ಲಿ 'ಎಲ್.ಎಸ್.ಸಿ.ಎಸ್.' ಎಂಬ ನಾಲ್ಕು ಅಕ್ಷರಗಳಿದ್ದವು. ಕೆಳಭಾಗದಲ್ಲಿ ಮಾಡಿದ ಸಿಸೇರಿಯನ್ ಎಂದು ಅದರ ಅರ್ಥ. ಅದರ ಕೆಳಗೆ ಕಾರಣ: ಮಗುವಿನ ತಲೆಯ ಬದಲು ಕುಂಡಿ ಕೆಳಗಿತ್ತು. ಅಕ್ಕನಿಗೆ ಮೂರು ವರ್ಷ ಗೊತ್ತಿದ್ದುದು "ಏನೋ ತೊಂದರೆ ಆಗಿತ್ತಂತೆ" ಎಂಬುದಷ್ಟೆ. ಆ ಎರಡು ಸಾಲು ಅವಳ ಈಗಿನ ಬಸಿರಿಗೆ ಎಷ್ಟು ಮುಖ್ಯವೆಂಬುದನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

ಏಕೆ ಮುಖ್ಯವೆಂದರೆ, ಮೊದಲ ಸಲದ ಕಾರಣ ಮರುಕಳಿಸುವಂಥದೋ ಅಲ್ಲವೋ ಎಂಬುದರ ಮೇಲೆ ಎರಡನೆಯ ಪ್ರಯತ್ನ ಫಲಿಸುವ ಸಂಭವ ನಿಂತಿದೆ. ಮಗು ಅಡ್ಡವಾಗಿದ್ದುದು, ಕುಂಡಿ ಕೆಳಗಿದ್ದುದು ಆ ಬಸಿರಿಗೆ ಸೇರಿದ ಕಾರಣಗಳು. ನೋವು ತಿಂದೂ ತಿಂದೂ ಬಾಯಿ ತೆರೆಯದೆ, ಮಗು ಇಳಿಯದೆ ಕೊಯ್ದಿದ್ದರೆ ಸಂಭವ ತುಸು ಕಡಮೆ, ಆದರೂ ಇಲ್ಲವೆಂದಲ್ಲ. ಸಾಮಾನ್ಯವಾಗಿ ಪ್ರಯತ್ನಿಸಿದ ನೂರು ಹೆಂಗಸರಲ್ಲಿ 60ರಿಂದ 80 ಜನಕ್ಕೆ ಸಹಜ ಹೆರಿಗೆಯಾಗುತ್ತದೆ. ಹಿಂದೆ ಒಮ್ಮೆಯಾದರೂ ಸಹಜವಾಗಿ ಹೆತ್ತವರಲ್ಲಿ ಇದು 85ನ್ನೂ ಮೀರುತ್ತದೆ. ನೋವು ತಾನಾಗಿ ಬಂದರೆ, ತಾಯಿಯ ಮೈತೂಕ ಹೆಚ್ಚಿರದಿದ್ದರೆ, ಮಗು ನಾಲ್ಕು ಕಿಲೋಗಿಂತ ಕಡಮೆಯಿದ್ದರೆ ಅನುಕೂಲ.

ಇನ್ನು ಭಯದ ಮಾತು. ಹಳೆಯ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಒಡೆಯುವುದೇ ಈ ಪ್ರಯತ್ನದ ದೊಡ್ಡ ಅಪಾಯ. ಒಡೆದರೆ ತಾಯಿಗೆ ಒಳಗೇ ರಕ್ತಸ್ರಾವ. ಮಗುವಿಗೆ ಉಸಿರಿನ ಆಧಾರ ತಪ್ಪಿಹೋಗುತ್ತದೆ. ಎಷ್ಟು ಜನಕ್ಕೆ ಹೀಗಾಗುತ್ತದೆ? ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 1987ರಿಂದ 1996ರವರೆಗೆ ಹೀಗೆ ಎರಡನೆಯ ಸಲ ಹೆತ್ತ 20,095 ಹೆಂಗಸರ ದಾಖಲೆಗಳನ್ನು ನೋಡಿ 2001ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ನೋವು ಬರುವ ಮೊದಲೇ ಶಸ್ತ್ರಕ್ರಿಯೆಯಾದವರಲ್ಲಿ ಸಾವಿರಕ್ಕೆ 1.6, ನೋವು ತಾನಾಗಿ ಬಂದವರಲ್ಲಿ ಸಾವಿರಕ್ಕೆ 5.2, ಔಷಧದಿಂದ ನೋವು ಬರಿಸಿದವರಲ್ಲಿ 7.7, ಪ್ರೋಸ್ಟಗ್ಲ್ಯಾಂಡಿನ್ ಎಂಬ ಜಾತಿಯ ಔಷಧ ಬಳಸಿದವರಲ್ಲಿ 24.5. ತಾನಾಗಿ ಬಂದ ನೋವಿಗೂ ಬರಿಸಿದ ನೋವಿಗೂ ಎಷ್ಟು ವ್ಯತ್ಯಾಸವೆಂಬುದನ್ನು ಗಮನಿಸಬೇಕು. ಅದರಲ್ಲಿಯೂ ನೋವು ಬರಿಸಲು ಬಳಸುವ ಮಿಸೊಪ್ರೊಸ್ಟಾಲ್ ಮಾತ್ರೆಯನ್ನು ತುಂಬುಗರ್ಭದಲ್ಲಿ ಹಳೆಯ ಸಿಸೇರಿಯನ್ ಇರುವವರಿಗೆ ಕೊಡಕೂಡದೆಂದು ಈಗ ವೈದ್ಯರೆಲ್ಲರೂ ಒಪ್ಪಿರುವರು.

2004ರಲ್ಲಿ ಅಮೆರಿಕದಲ್ಲಿಯೇ ಇನ್ನೂ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಸಹಜ ಹೆರಿಗೆಗೆ ಪ್ರಯತ್ನಿಸಿದ 17,898 ಹೆಂಗಸರಲ್ಲಿ 124 ಜನಕ್ಕೆ ಗರ್ಭಕೋಶ ಒಡೆಯಿತು. ಉಸಿರುಗಟ್ಟಿ ಮಿದುಳಿಗೆ ಪೆಟ್ಟಾದ ಶಿಶುಗಳು ಪ್ರಯತ್ನಿಸಿದವರ ಗುಂಪಿನಲ್ಲಿ 12. ನೇರವಾಗಿ ಶಸ್ತ್ರಕ್ರಿಯೆಗೆ ಹೋದ 15,801 ಹೆಂಗಸರ ಗುಂಪಿನಲ್ಲಿ ಒಂದೂ ಇಲ್ಲ. ಇಷ್ಟನ್ನೇ ಓದಿ ನಿಲ್ಲಿಸಿದರೆ ಶಸ್ತ್ರಕ್ರಿಯೆಯೇ ಕ್ಷೇಮವೆನಿಸುತ್ತದೆ. ಆದರೆ ತೀರಿಕೊಂಡ ತಾಯಂದಿರು ಪ್ರಯತ್ನಿಸಿದವರಲ್ಲಿ 3, ಶಸ್ತ್ರಕ್ರಿಯೆಯವರಲ್ಲಿ 7. ಇಷ್ಟು ಸಣ್ಣ ಸಂಖ್ಯೆಗಳಿಂದ ಇದು ಹೆಚ್ಚು ಅದು ಕಡಮೆ ಎಂದು ಸಾಧಿಸಲಾಗದು. ಎರಡು ದಾರಿಯಲ್ಲಿಯೂ ಅಪಾಯ ಅಲ್ಪವೆಂದೂ, ಎರಡರಲ್ಲಿಯೂ ಅದು ಸೊನ್ನೆಯಲ್ಲವೆಂದೂ ಹೇಳಬಹುದು, ಅಷ್ಟೆ. ಈ ಪ್ರಯತ್ನದಲ್ಲಿ ಮಗುವನ್ನು ಕಳೆದುಕೊಳ್ಳುವ ಸಂಭವ ಸುಮಾರು ಹತ್ತು ಸಾವಿರಕ್ಕೆ ನಾಲ್ಕು. ಚೊಚ್ಚಲ ಹೆರಿಗೆಯ ಯಾವ ಹೆಂಗಸಿಗೂ ಇರುವಷ್ಟೇ ಎಂದು ಇಂಗ್ಲೆಂಡಿನ ಪ್ರಸೂತಿ ವೈದ್ಯರ ಸಂಸ್ಥೆ ಹೇಳುತ್ತದೆ.

ಜನ ಇದನ್ನು ನಾರ್ಮಲ್ಲೋ ಆಪರೇಷನ್ನೋ ಎಂದು ಕೇಳುವುದುಂಟು. ಪ್ರಶ್ನೆ ಹಾಗಲ್ಲ. ನಾರ್ಮಲ್ ಆಗಿಯೇ ತೀರುತ್ತದೆಂದು ಯಾರೂ ಮಾತು ಕೊಡಲಾರರು. ಆಯ್ದುಕೊಳ್ಳಬಹುದಾದುದು ಪ್ರಯತ್ನವನ್ನು ಮಾತ್ರ. ಪ್ರಯತ್ನ ಫಲಿಸಿದರೆ ತಾಯಿಗೆ ಅತಿ ಕಡಮೆ ತೊಂದರೆ. ಫಲಿಸದೆ ನಡುವೆ ತುರ್ತಾಗಿ ಕೊಯ್ಯಬೇಕಾದರೆ, ಮುಂಚೆಯೇ ದಿನ ಗೊತ್ತುಮಾಡಿ ಕೊಯ್ಯುವುದಕ್ಕಿಂತ ಹೆಚ್ಚು ತೊಂದರೆ. ಆದುದರಿಂದ ಫಲಿಸುವ ಸಂಭವ ಎಷ್ಟೆಂಬುದೇ ಎಲ್ಲಕ್ಕೂ ಮೂಲ.

ಶಸ್ತ್ರಕ್ರಿಯೆಯ ಕಡೆಗೂ ನ್ಯಾಯವಾಗಿ ಹೇಳಬೇಕು. ದಿನ ಗೊತ್ತಿರುತ್ತದೆ, ಭಾವ ರಜ ಹಾಕಬಹುದು, ನಡುರಾತ್ರಿಯ ಓಡಾಟವಿಲ್ಲ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ನಿಗೂ ಖರ್ಚಿಲ್ಲ. ಆದರೆ ಪ್ರತಿ ಸಲ ಕೊಯ್ದಂತೆಲ್ಲ ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದ ಜಾಗದಲ್ಲಿಯೇ ಬೇರೂರಿ, ಹೆರಿಗೆಯಾದ ಮೇಲೆ ಬಿಡಿಸಿಕೊಳ್ಳದೆ ರಕ್ತ ಸುರಿಸುವುದುಂಟು. ಗರ್ಭಕೋಶವನ್ನೇ ತೆಗೆಯಬೇಕಾಗಿ ಬರುವುದೂ ಉಂಟು. 30,132 ಹೆಂಗಸರ ಅಧ್ಯಯನವೊಂದು 2006ರಲ್ಲಿ ತೋರಿಸಿದಂತೆ ಇದು ಎರಡನೆಯ ಸಿಸೇರಿಯನ್ನಿನಲ್ಲಿ ನೂರಕ್ಕೆ 0.31, ಮೂರನೆಯದರಲ್ಲಿ 0.57, ನಾಲ್ಕನೆಯದರಲ್ಲಿ 2.13, ಆರು ಮತ್ತು ಹೆಚ್ಚಿನದರಲ್ಲಿ 6.74. ಎರಡು ಮಕ್ಕಳಿಗೆ ಸಾಕೆಂದು ಎರಡನೆಯ ಶಸ್ತ್ರಕ್ರಿಯೆಯೊಡನೆಯೇ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಳ್ಳುವವಳಿಗೆ ಈ ಅಂಕಿಗಳು ಅಷ್ಟಾಗಿ ತಟ್ಟವು. ಇನ್ನೂ ಮಕ್ಕಳು ಬೇಕೆನ್ನುವವಳಿಗೆ, ಅಥವಾ ಗಂಡು ಬೇಕೆಂದು ಮನೆಯವರ ಒತ್ತಾಯಕ್ಕೆ ಸಿಕ್ಕಿರುವವಳಿಗೆ, ಇವು ಬಹಳ ಭಾರವಾದವು.

ದಿನ ಗೊತ್ತುಮಾಡುವ ವಿಷಯದಲ್ಲಿ ಇನ್ನೊಂದು ಮಾತು. ಬೇರೆ ತೊಂದರೆಯಿಲ್ಲದಿದ್ದರೆ 39 ವಾರ ತುಂಬಿದ ಮೇಲೆಯೇ ಕೊಯ್ಯಬೇಕೆಂದು ವೈದ್ಯರು ಹೇಳುವರು. ಮೊದಲೇ ತೆಗೆದ ಮಗುವಿಗೆ ಉಸಿರಾಟದ ತೊಂದರೆ ಹೆಚ್ಚು. ನಕ್ಷತ್ರ ಚೆನ್ನಾಗಿದೆಯೆಂದು 37ನೆಯ ವಾರಕ್ಕೇ ಮುಹೂರ್ತವಿಡಿಸುವವರು ಓದಿದವರಲ್ಲಿಯೂ ಇದ್ದಾರೆ. ಮಗುವಿನ ಶ್ವಾಸಕೋಶ ಪಂಚಾಂಗವನ್ನು ನೋಡುವುದಿಲ್ಲ.

ಪ್ರಯತ್ನ ಕೂಡದೆಂಬ ಸಂದರ್ಭಗಳೂ ಇವೆ. ಹಿಂದೆ ಉದ್ದದ ಕೊಯ್ತವಾಗಿದ್ದರೆ, ಗರ್ಭಕೋಶ ಒಮ್ಮೆ ಒಡೆದಿದ್ದರೆ, ಮಾಸು ಹೆರುವ ದಾರಿಗೆ ಅಡ್ಡವಾಗಿದ್ದರೆ ಶಸ್ತ್ರಕ್ರಿಯೆಯೇ ದಾರಿ. ಎರಡು ಹೆರಿಗೆಗಳ ನಡುವೆ ಒಂದೂವರೆ ವರ್ಷವಾದರೂ ಇರದಿದ್ದರೆ ಒಡೆಯುವ ಭಯ ಹೆಚ್ಚು.

ನಮ್ಮ ತಾಲ್ಲೂಕುಗಳಲ್ಲಿ ಇವೆಲ್ಲಕ್ಕಿಂತ ಹೆಚ್ಚಾಗಿ ಕೇಳಬೇಕಾದ ಪ್ರಶ್ನೆ ಹೆರಿಗೆ ಎಲ್ಲಿ ಎಂಬುದು. ಮೇಲಿನ ಅಂಕಿಗಳು ರಾತ್ರಿಹಗಲೂ ಆಪರೇಷನ್ ಕೋಣೆ ಸಿದ್ಧವಿರುವ ಆಸ್ಪತ್ರೆಗಳಿಂದ ಬಂದವು. ಗರ್ಭಕೋಶ ಒಡೆಯುವ ಮೊದಲ ಸೂಚನೆ ಹೆಚ್ಚಾಗಿ ಮಗುವಿನ ಎದೆಬಡಿತ ತಪ್ಪುವುದು. ಅದನ್ನು ಬಿಡದೆ ನೋಡುತ್ತಿರಲು ಯಂತ್ರ ಬೇಕು, ನೋಡುವವರು ಬೇಕು. ಅರಿವಳಿಕೆಯ ವೈದ್ಯರು ಬೇಕು, ರಕ್ತ ಬೇಕು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು; ಅಂಥ ಕೈಗುಣದ ಬಗ್ಗೆ ನನಗೆ ಅಪಾರ ಗೌರವವಿದೆ. ನಮ್ಮ ಅವ್ವನೂ ನಮ್ಮೆಲ್ಲರನ್ನೂ ಮನೆಯಲ್ಲಿಯೇ ಹೆತ್ತವಳು. ಆದರೆ ಒಡೆದ ಹೊಲಿಗೆಗೆ ಕೈಗುಣದಿಂದ ಪರಿಹಾರವಿಲ್ಲ. ಈ ಹೆರಿಗೆ ಮನೆಯಲ್ಲಾಗಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾಗಲಿ ಆಗತಕ್ಕದ್ದಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಹಗಲು ಇರುವ ಅರಿವಳಿಕೆಯ ವೈದ್ಯರು ರಾತ್ರಿಯೂ ಇರುವರೆ ಎಂದು ವಿಚಾರಿಸಬೇಕು. ಇಲ್ಲದಿದ್ದರೆ ಜಿಲ್ಲಾಸ್ಪತ್ರೆಯೇ ಸರಿ. ಅಲ್ಲಿಗೆ ಹೋಗಲಾಗದವಳಿಗೆ ದಿನ ಗೊತ್ತುಮಾಡಿದ ಶಸ್ತ್ರಕ್ರಿಯೆಯೇ ಕ್ಷೇಮವೆಂದು ನನ್ನ ಅಭಿಪ್ರಾಯ. ಹೀಗೆ ಹೇಳುವಾಗ ನನಗೆ ಸಂತೋಷವೇನೂ ಇಲ್ಲ. ಹೆಣ್ಣಿನ ಮೈಯಿಂದ ಆಗಬಹುದಾದುದು ಆಸ್ಪತ್ರೆಯ ಖಾಲಿ ಹುದ್ದೆಯಿಂದ ಆಗದೆ ಹೋಗುತ್ತದೆ.

ತೀರ್ಮಾನ ಯಾರದು? ವಯಸ್ಕ ರೋಗಿಗೆ ಪ್ರಜ್ಞೆಯಿರುವಾಗ ಒಪ್ಪಿಗೆ ಅವಳದೇ ಆಗಬೇಕು, ತಾಯಿಯ ರುಜು ಅದಕ್ಕೆ ಬದಲಾಗದು ಎಂದು ಸುಪ್ರೀಂ ಕೋರ್ಟು 2008ರಲ್ಲಿ ಒಂದು ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ನಮ್ಮ ಕಡೆ ಈಗಲೂ ಕಾಗದವನ್ನು ಮೊದಲು ಗಂಡನ ಕೈಗೆ ಕೊಡುವರು. ಅಕ್ಕನಿಗೆ ಈಗ ಏಳು ತಿಂಗಳು. ಜಿಲ್ಲಾಸ್ಪತ್ರೆಯ ವೈದ್ಯೆ ಅವಳ ಹಳೆಯ ಚೀಟಿಯನ್ನು ನೋಡಿ, ಮಗುವಿನ ತಲೆ ಕೆಳಗಿದ್ದು ನೋವು ತಾನಾಗಿ ಬಂದರೆ ಪ್ರಯತ್ನಿಸೋಣ, ಇಲ್ಲದಿದ್ದರೆ ಇಲ್ಲ ಎಂದಿದ್ದಾರೆ. ಅತ್ತೆಯವರು ಇನ್ನೂ ಒಪ್ಪಿಲ್ಲ. ಅಕ್ಕ ಮಾತ್ರ, "ಅವರು ಹೇಳಿದ್ದು ನನಗೆ ಅರ್ಥವಾಯ್ತು" ಎಂದಳು.

ಚೀಟಿಯ ಜೆರಾಕ್ಸ್ ಮಾಡಿಸಿ ಒಂದು ಪ್ರತಿಯನ್ನು ತಾಯಿ ಕಾರ್ಡಿನೊಳಗೆ ಇಟ್ಟಿದ್ದೇವೆ. ನೋವು ಆರಂಭವಾದರೆ ಜೋರಾಗಲೆಂದು ಕಾಯದೆ ಕೂಡಲೆ ಹೊರಡಬೇಕು. ಗಾಯದ ಜಾಗದಲ್ಲಿ ನೋವಿನ ನಡುವಣ ಬಿಡುವಿನಲ್ಲಿಯೂ ನಿಲ್ಲದೆ ನೋಯುತ್ತಿದ್ದರೆ, ರಕ್ತ ಕಂಡರೆ, ಬರುತ್ತಿದ್ದ ನೋವು ತಟ್ಟನೆ ನಿಂತುಹೋದರೆ ಅಲ್ಲಿಯವರಿಗೆ ಆ ಕ್ಷಣವೇ ಹೇಳಬೇಕು. 108ಕ್ಕೆ ಫೋನ್ ಮಾಡುವವರು ಯಾರೇ ಆಗಲಿ, ಮೊದಲನೆಯದು ಸಿಸೇರಿಯನ್ ಎಂಬುದನ್ನು ಊರಿನ ಹೆಸರಿನೊಡನೆಯೇ ತಿಳಿಸಬೇಕು.