ಲೇಪದ ವ್ಯಾಜ್ಯ

ದೇವನಹಳ್ಳಿಯಲ್ಲಿ ಟಿಪ್ಪುವಿನ ಜನ್ಮಸ್ಥಳವೆಂದು ತೋರಿಸುವ ಕಲ್ಲಿನ ಮಂಟಪದೆದುರು ನಿಂತಾಗ ಅವನ ಸೈನ್ಯದ ಅಗ್ನಿಬಾಣಗಳು ನೆನಪಾಗುವುದು ಸಹಜವೇ ಸರಿ. ಕಬ್ಬಿಣದ ಕೊಳವೆಯೊಳಗೆ ಮದ್ದನ್ನು ಗಿಡಿದು ಬಿದಿರಿನ ಗಳುವಿಗೆ ತೊಗಲಪಟ್ಟಿಯಿಂದ ಬಿಗಿದಿದ್ದ ಆ ಬಾಣಗಳು, 1780ರ ಪೊಲ್ಲಿಲೂರಿನ ಕಾಳಗದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆಯನ್ನು ಕಂಗೆಡಿಸಿ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡನ್ನು ಸೇರಿ ವಿಲಿಯಂ ಕಾಂಗ್ರೀವನ ಪ್ರಯೋಗಗಳಿಗೆ ಪ್ರೇರಣೆಯಾದುವು. ಬಾಣಕ್ಕೆ ಕಾಂಗ್ರೀವನ ಹೆಸರು ಅಂಟಿತು. ನಮ್ಮ ಕಮ್ಮಾರರದು ಅಂಟಲಿಲ್ಲ.

ಅಂಟುವಿಕೆಯೇ ಇಂದಿನ ರಾಕೆಟ್ಟಿನ ಸೂಕ್ಷ್ಮ ಪ್ರಶ್ನೆ. ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲಿರುವ ಸುಮಾರು 139 ಟನ್ ಘನ ಇಂಧನವು ಅಮೋನಿಯಂ ಪರ್ಕ್ಲೋರೇಟಿನ ಹರಳುಗಳನ್ನೂ ಅಲ್ಯೂಮಿನಿಯಂ ಪುಡಿಯನ್ನೂ ಎಚ್‌ಟಿಪಿಬಿ ಎಂಬ ರಬ್ಬರಿನಂಥ ದ್ರವ್ಯದಲ್ಲಿ ಕಲಸಿ ಗಟ್ಟಿಗೊಳಿಸಿದ್ದು. ಇಂಥ ಇಂಧನ ಉರಿಯುವ ತಾಪದ ಅರ್ಧದಷ್ಟಕ್ಕೇ ಉಕ್ಕು ಕರಗಿಹೋಗುವುದಾದ್ದರಿಂದ, ಕವಚಕ್ಕೆ ಒಳಗಿನಿಂದ ಉಷ್ಣನಿರೋಧಕ ರಬ್ಬರಿನ ಹೊದಿಕೆಯನ್ನೂ, ಆ ಹೊದಿಕೆಗೂ ಇಂಧನಕ್ಕೂ ನಡುವೆ ಲೈನರ್ ಎಂಬ ತೆಳುವಾದ ಅಂಟುಲೇಪವನ್ನೂ ಕೊಡುವರು. ಅಡುಗೆಮನೆಯ ಗೋಡೆಗೆ ಸುಣ್ಣ ಬಳಿದಂತೆ ಇದು ಸುಲಭವೆಂದು ಭಾವಿಸಬಾರದು. ಗಟ್ಟಿಯಾಗಿ ತಣಿಯುವಾಗ ಇಂಧನವು ಉಕ್ಕಿಗಿಂತ ಬಹಳ ಹೆಚ್ಚು ಕುಗ್ಗಿ ಲೇಪವನ್ನು ಜಗ್ಗುವುದು. ಇಂಧನದೊಳಗಿನ ಮೃದುಕಾರಕ ದ್ರವ್ಯ ವರ್ಷಾನುಗಟ್ಟಲೆ ಮೆಲ್ಲಮೆಲ್ಲನೆ ಲೇಪಕ್ಕೆ ಒಸರಿ ಬೆಸುಗೆಯನ್ನು ಸಡಿಲಿಸುವುದು. ಲೇಪವನ್ನು ಗಟ್ಟಿಗೊಳಿಸುವ ಐಸೊಸಯನೇಟಿಗೆ ನೀರಿನ ಪಸೆ ತಗುಲಿದರೆ ಇಂಗಾಲದ ಡೈಆಕ್ಸೈಡ್ ಅನಿಲವೆದ್ದು ಗುಳ್ಳೆಗಳಾಗುವುವು. ಎಲ್ಲಿಯಾದರೂ ಲೇಪ ಬಿಟ್ಟುಕೊಂಡಿತೋ, ಆ ಬಿರುಕಿನಲ್ಲಿ ಬೆಂಕಿ ಹೊಕ್ಕು, ಉರಿಯುವ ಮೇಲ್ಮೈ ಹಠಾತ್ತನೆ ಹೆಚ್ಚಿ, ಒತ್ತಡವೇರಿ, ಕವಚವೇ ಸಿಡಿಯಬಹುದು.

ಇಂಥ ಲೇಪಕ್ಕೆ ಪೇಟೆಂಟು ಕೇಳಿದವನಿಗೆ ಕಾದಿರುವ ಆಕ್ಷೇಪವೂ ಸೂಕ್ಷ್ಮವೇ. ರಾಳ, ಗಟ್ಟಿಕಾರಕ, ಪುಡಿ ಎಲ್ಲವೂ ಹಳೆಯವಾಗಿರಲು ಹೊಸದೇನೆಂದು ಪರೀಕ್ಷಕ ಕೇಳುವನು. 1970ರ ಪೇಟೆಂಟು ಶಾಸನದ 3(ಇ) ವಿಧಿಯಂತೆ, ಘಟಕಗಳ ಗುಣಗಳು ಬರಿದೆ ಕೂಡಿಕೊಂಡ ಮಿಶ್ರಣ ಆವಿಷ್ಕಾರವಲ್ಲ. ಆ ವಿದ್ಯೆ ಬಲ್ಲವನಿಗೆ ತಾನಾಗಿ ಹೊಳೆಯುವಂಥದೂ ಆವಿಷ್ಕಾರವಲ್ಲ. ನನ್ನ ಮಟ್ಟಿಗೆ, ಬಿಡಿಬಿಡಿಯಾಗಿ ಹಳೆಯವಾದ ದ್ರವ್ಯಗಳು ಕೂಡಿದಾಗ ಮಾತ್ರ ಒಸರನ್ನು ತಡೆಯುವುವೆಂದು ಅಳತೆಯ ಅಂಕಿಗಳಿಂದ ತೋರಿಸಿದವನ ವಾದ ಬಲವಾದದ್ದು. ‘ಚೆನ್ನಾಗಿ ಅಂಟುತ್ತದೆ’ ಎಂದಷ್ಟೇ ಬರೆದವನದು ಸೋಲತಕ್ಕದ್ದು. ರಕ್ಷಣೆಗೆ ಸಂಬಂಧಿಸಿದ್ದೆಂದು ಕಂಡರೆ 35ನೆಯ ವಿಧಿಯಂತೆ ಸಂಗತಿಯನ್ನೇ ಗುಟ್ಟಾಗಿಡಲು ಆಜ್ಞೆಯಾಗಬಹುದೆಂಬುದು ಬೇರೆಯ ಮಾತು.

ದೇವನಹಳ್ಳಿಯ ವೈಮಾನಿಕ ಉದ್ಯಾನದಲ್ಲಿ ಕುಳಿತ ಆವಿಷ್ಕಾರಕನ ಅರ್ಜಿ ಹೋಗುವುದು ಚೆನ್ನೈಯ ಪೇಟೆಂಟು ಕಚೇರಿಗೆ. ಅಲ್ಲಿ ತಿರಸ್ಕೃತವಾದರೆ ಮೇಲ್ಮನವಿಯನ್ನು ಕೇಳುತ್ತಿದ್ದ ಮಂಡಳಿ 2021ರ ಏಪ್ರಿಲ್‌ನಲ್ಲಿ ರದ್ದಾಯಿತು; ಈಗ ಮೂರು ತಿಂಗಳೊಳಗಾಗಿ ಮದ್ರಾಸ್ ಉಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಬೇಕು.